ರೀಶಿ ಪುಡಿ ಕೊಂಡವರು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪ್ ನನ್ನದು. ನಮ್ಮ ಅಡಿಕೆ ಬೆಳೆಗಾರರಿಗೆ ಗ್ಯಾನೋಡರ್ಮಾ ಅಂದರೆ ಅಣಬೆ ರೋಗ. ಸೋಗೆ ಹಳದಿಯಾಗಿ ಜೋತು ಬೀಳುತ್ತದೆ, ಬುಡದಲ್ಲಿ ಕಂದು ರಸ ಒಸರುತ್ತದೆ, ಕೊನೆಗೆ ಮಿರಮಿರ ಮಿಂಚುವ ಗಟ್ಟಿ ಅಣಬೆ ಮೂಡುತ್ತದೆ. ಅದೇ ಕುಲದ ಅಣಬೆ ಈಗ 'ರೀಶಿ' ಅಂತ ಡಬ್ಬಿಯಲ್ಲಿ ಬರುತ್ತಿದೆ. "ಶುಗರ್ ಇಳಿಯುತ್ತಂತೆ ಹೌದಾ?" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಕೆಲವರು ತೋಟದಲ್ಲಿ ಸಿಕ್ಕಿದ್ದನ್ನೇ ಕಿತ್ತು ಕಷಾಯ ಮಾಡಲು ಹೊರಡುತ್ತಾರೆ. ದಯವಿಟ್ಟು ಬೇಡ. ನೋಡಲು ಒಂದೇ ಥರ ಇರುವ ಜಾತಿಗಳು ಹಲವು. ಬುಡಕ್ಕೆ ಸುರಿದ ಔಷಧಿಯೂ ಅದರಲ್ಲಿ ಸೇರಿರಬಹುದು.

ಶುಗರ್ ವಿಷಯ ಮೊದಲು ಹೇಳಿಬಿಡುತ್ತೇನೆ. ಇದರ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ 2015ರಲ್ಲಿ ಕಾಕ್ರೇನ್ ಅನ್ನುವ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಸಂಸ್ಥೆಯವರು ಒಟ್ಟಿಗೆ ನೋಡಿದರು. ಶುಗರ್ ಇರುವವರಿಗೆ ರೀಶಿಯಿಂದ ಸಕ್ಕರೆಯಾಗಲಿ ಬಿಪಿಯಾಗಲಿ ಕೊಲೆಸ್ಟ್ರಾಲ್ ಆಗಲಿ ಇಳಿಯುತ್ತದೆ ಅನ್ನಲು ಆಧಾರ ಸಿಗಲಿಲ್ಲ. ಹಾಗಂತ ಅಣಬೆಯಲ್ಲಿ ಏನೂ ಇಲ್ಲ ಅಂತಲ್ಲ. ಶಿಟಾಕೆ ಅನ್ನುವ ತಿನ್ನುವ ಅಣಬೆಯಿಂದ ತೆಗೆದ ಲೆಂಟಿನಾನ್ ಅನ್ನುವ ಔಷಧಿಗೆ ಜಪಾನ್ 1985ರಲ್ಲಿ ಅನುಮತಿ ಕೊಟ್ಟಿತು. ಅದು ಜಠರದ ಕ್ಯಾನ್ಸರಿಗೆ ಕೀಮೋ ಜತೆ ಕೊಡುವ ಇಂಜೆಕ್ಷನ್. ಸಾರಿಗೆ ಹಾಕಿದ ಶಿಟಾಕೆ ಅದೇ ಕೆಲಸ ಮಾಡುತ್ತೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ಇಷ್ಟಾದರೂ ಪುಡಿ ಕೊಳ್ಳುತ್ತೀರಿ ಅಂದರೆ ಲೇಬಲ್ ನೋಡಿ. 'ಪಾಲಿಸ್ಯಾಕರೈಡ್' (ಸಕ್ಕರೆ ಕಣಗಳ ಉದ್ದ ಸರಪಳಿ) ಇಷ್ಟು ಶೇಕಡಾ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅಕ್ಕಿ ಹಿಟ್ಟಿನ ಪಿಷ್ಟವೂ ಪಾಲಿಸ್ಯಾಕರೈಡೇ, ಅಲ್ವಾ? ಅಣಬೆಯಲ್ಲಿ ಮುಖ್ಯವಾಗಿ ಇರುವ ಪಾಲಿಸ್ಯಾಕರೈಡ್ ಬೀಟಾ ಗ್ಲೂಕಾನ್, ಅದು ಎಷ್ಟಿದೆ ಅಂತ ಬೇರೆಯಾಗಿ ಬರೆದಿರಬೇಕು. ಕೆಲವರು ಅಣಬೆಯ ಬಿಳಿ ಎಳೆಗಳನ್ನು ಧಾನ್ಯದ ಮೇಲೆ ಬೆಳೆಸಿ, ಧಾನ್ಯದ ಸಮೇತ ಪುಡಿ ಮಾಡುತ್ತಾರೆ. ತಿಂದರೆ ಅಪಾಯವಿಲ್ಲ, ಆದರೆ ಅಣಬೆಯ ದುಡ್ಡಿಗೆ ಹಿಟ್ಟು ಕೊಂಡ ಹಾಗಾಗುತ್ತದೆ.

ಇದನ್ನು ಕಂಡುಹಿಡಿಯಲು ಒಂದು ಬಾಟಲಿ ಟಿಂಕ್ಚರ್ ಅಯೋಡಿನ್ ಸಾಕು. ಕಾಲು ಚಮಚ ಪುಡಿಯನ್ನು ಅರ್ಧ ಲೋಟ ನೀರಲ್ಲಿ ಕುದಿಸಿ. ಪೂರ್ತಿ ಆರಲಿ, ಬಿಸಿ ಇದ್ದರೆ ಬಣ್ಣ ನಿಲ್ಲುವುದಿಲ್ಲ. ಬಿಳಿ ಪಿಂಗಾಣಿ ತಟ್ಟೆಗೆ ಒಂದು ಚಮಚ ಹಾಕಿ, ಪಕ್ಕದಲ್ಲಿ ಆರಿದ ಅನ್ನದ ಗಂಜಿ ಒಂದು ಚಮಚ ಹಾಕಿ. ಎರಡಕ್ಕೂ ಎರಡೆರಡು ಹನಿ ಅಯೋಡಿನ್ ಬಿಡಿ. ಗಂಜಿ ಕೂಡಲೇ ಕಡುನೀಲಿಗೆ ತಿರುಗುತ್ತದೆ. ಪುಡಿಯೂ ಅದೇ ಬಣ್ಣಕ್ಕೆ ಬಂದರೆ ಅದರಲ್ಲಿ ಧಾನ್ಯವೋ ಹಿಟ್ಟೋ ಇದೆ. ಕಂದು ಕಂದಾಗೇ ಉಳಿದರೆ ಪಿಷ್ಟ ಇಲ್ಲ, ಅಷ್ಟೇ. ಪುಡಿ ಅಸಲಿ ಅನ್ನಲು ಇದೊಂದೇ ಸಾಲದು. ತಟ್ಟೆಯಲ್ಲಿದ್ದದ್ದನ್ನು ಚೆಲ್ಲಿ. ರುಚಿ ನೋಡಬೇಕಾದರೆ ಡಬ್ಬಿಯ ಪುಡಿಯನ್ನೇ ನಾಲಿಗೆಗೆ ಸ್ವಲ್ಪ ಮುಟ್ಟಿಸಿ. ರೀಶಿ ಕಹಿ. ಸಿಹಿಯಾಗಿದ್ದರೆ ಏನೋ ಬೆರೆಸಿದ್ದಾರೆ.

ವಾರ್ಫರಿನ್, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಗೊಳ್ಳುವವರಿಗೆ ನಾನು ಈ ಪುಡಿ ಕೊಡುವುದಿಲ್ಲ. ರಕ್ತಸ್ರಾವದ ಅಪಾಯ ಹೆಚ್ಚಬಹುದು. ಆಪರೇಷನ್ ಇದ್ದರೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಕಿಡ್ನಿ ಕಸಿ ಆದವರು, ಗರ್ಭಿಣಿಯರು ಮುಟ್ಟುವುದೇ ಬೇಡ. ರೀಶಿ ಪುಡಿಯಿಂದ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ಬಂದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ನನ್ನನ್ನು ಕೇಳಿದರೆ ಆ ದುಡ್ಡಿಗೆ ಸಂತೆಯಲ್ಲಿ ಚಿಪ್ಪಣಬೆಯನ್ನೋ ಬಟನ್ ಅಣಬೆಯನ್ನೋ ತನ್ನಿ. ಹೆಚ್ಚಿ, ತಟ್ಟೆಯಲ್ಲಿ ಹರಡಿ, ಮಧ್ಯಾಹ್ನದ ಬಿಸಿಲಿಗೆ ಒಂದು ಗಂಟೆ ಇಡಿ. ಅಣಬೆಯಲ್ಲಿರುವ ಎರ್ಗೋಸ್ಟೆರಾಲ್ ಬಿಸಿಲು ಬಿದ್ದು ವಿಟಮಿನ್ ಡಿ2 ಆಗುತ್ತದೆ. 100 ಗ್ರಾಂ ಅಣಬೆಯಲ್ಲಿ ಸಾಮಾನ್ಯವಾಗಿ 10 ಮೈಕ್ರೋಗ್ರಾಂಗೂ ಹೆಚ್ಚು ಸಿಗುತ್ತದೆ, ಅಂದರೆ ವಿಟಮಿನ್ ಮಾತ್ರೆಗಳ ಮೇಲೆ ಬರೆಯುವ ಅಳತೆಯಲ್ಲಿ 400 ಐಯು. ಕಿಟಕಿ ಗಾಜಿನ ಹಿಂದೆ ಇಟ್ಟರೆ ಪ್ರಯೋಜನವಿಲ್ಲ, ಅಂಗಳದಲ್ಲೇ ಇಡಬೇಕು. ಆಮೇಲೆ ಎಂದಿನಂತೆ ಒಗ್ಗರಣೆ ಹಾಕಿ ಪಲ್ಯ ಮಾಡಿ. ಶಿಟಾಕೆ ತಂದರೆ ಮಾತ್ರ ಚೆನ್ನಾಗಿ ಬೇಯಿಸಿ. ಅರೆಬೆಂದದ್ದು ತಿಂದು ಮೈತುಂಬ ಕೆಂಪು ಗೀರುಗಳೇಳುವವರಿದ್ದಾರೆ.