ನ್ಯೂಕ್ಲಿಯಸ್ ನೀಲಿಯಾಗದ ಆ ವಾರ

ನಮ್ಮ ಲ್ಯಾಬಿಗೆ ಆರ್‌ಒ ಪ್ಲಾಂಟ್ ಹಾಕಿಸಿದವನು ನಾನೇ. ಆಮೇಲೆ ಬೈಸಿಕೊಂಡವನೂ ನಾನೇ.

ಮೈಸೂರಿನಲ್ಲಿ ಸ್ಲೈಡು ಮಾಡಿಕೊಂಡು ಇಪ್ಪತ್ತೆರಡು ವರ್ಷವಾಯಿತು. ನಮ್ಮದು ಸಣ್ಣ ಹಿಸ್ಟೋಪೆಥಾಲಜಿ ಲ್ಯಾಬು, ದೇಹದಿಂದ ತೆಗೆದ ತುಂಡುಗಳನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸುವ ಜಾಗ. ಪೆಥಾಲಜಿಸ್ಟ್ ಮೇಡಂ ಒಬ್ಬರು, ಟೆಕ್ನೀಶಿಯನ್ ನಾನು, ಕೆಲಸ ಕಲಿಯುತ್ತಿರುವ ಮದ್ದೂರು ಕಡೆಯ ಹುಡುಗ ಒಬ್ಬ. ಕಟ್ಟಡಕ್ಕೆ ಬೋರ್‌ವೆಲ್ ನೀರು, ಬಲು ಗಡಸು. ಮೇಣದಲ್ಲಿ ಕೂರಿಸಿದ ತುಂಡಿನಿಂದ ಕುಯ್ದ ತೆಳು ಪದರ, ಅಂದರೆ ಸೆಕ್ಷನ್, ತೇಲಿಬಿಡುವ ಬಿಸಿನೀರಿನ ವಾಟರ್ ಬಾತ್‌ನ ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟುತ್ತಿತ್ತು. ಒಣಗಿದ ಸ್ಲೈಡಿನ ಮೇಲೂ ಚುಕ್ಕಿ. ಮೇಡಂ ಎರಡು ಸಲ ಹೇಳಿದರು. ಮೂರನೇ ಸಲ ಹೇಳಿಸಿಕೊಳ್ಳಬಾರದೆಂದು ಆರ್‌ಒ ಹಾಕಿಸಿ, ಸ್ಟೇನಿಂಗ್ ಸಿಂಕಿನ ನಲ್ಲಿಗೂ ಅದನ್ನೇ ಜೋಡಿಸಿಬಿಟ್ಟೆ.

ಮೂರನೇ ದಿನಕ್ಕೆ ಕರೆ ಬಂತು. "ಇದೇನ್ರೀ, ನ್ಯೂಕ್ಲಿಯಸ್ ಎಲ್ಲಾ ಕೆಂಪಗೆ ಕಾಣ್ತಿದೆ? ಹಿಮಟಾಕ್ಸಿಲಿನ್ ಹಳೇದಾ?"

ಹಿಮಟಾಕ್ಸಿಲಿನ್ ಅಂದರೆ ಜೀವಕೋಶದ ನ್ಯೂಕ್ಲಿಯಸ್ಸಿಗೆ ಹಿಡಿಸುವ ಬಣ್ಣ. ಮೈಕ್ರೋಸ್ಕೋಪಿನಲ್ಲಿ ಇಣುಕಿದೆ. ನೀಲಿ ಶಾಯಿಯ ಹಾಗೆ ಎದ್ದು ಕಾಣಬೇಕಾದ ನ್ಯೂಕ್ಲಿಯಸ್ಸುಗಳು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದಲ್ಲಿದ್ದವು. ಪಕ್ಕದಲ್ಲಿ, ಉಳಿದ ಭಾಗಕ್ಕೆ ಹಿಡಿಯುವ ಇಯೋಸಿನ್ ಬಣ್ಣದ ಗುಲಾಬಿ. ಎರಡಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ನಾವು ಬಳಸುವ ಹ್ಯಾರಿಸ್ ಬಗೆಯ ಹಿಮಟಾಕ್ಸಿಲಿನ್ ಮೇಲೆ ಕೆನೆಯ ಹಾಗೆ ಹೊಳೆಯುವ ಪೊರೆ ಕಟ್ಟುತ್ತದೆ, ದಿನಾ ಸೋಸಲೇಬೇಕು. ಸೋಸಿದೆ. ಹೊಸದಾಗಿ ಕುದಿಸಿ ಮಾಡಿದೆ. ಹೆಚ್ಚಾದ ಬಣ್ಣ ತೆಗೆಯುವ ಆಸಿಡ್ ಆಲ್ಕೋಹಾಲಿನಲ್ಲಿ ಎರಡು ಸಲ ಅದ್ದುವುದನ್ನು ಒಂದಕ್ಕಿಳಿಸಿದೆ. ಕೆಂಪು ಇನ್ನಷ್ಟು ದಟ್ಟವಾಯಿತು, ಅಷ್ಟೆ. ಎರಡು ದಿನ ಹಾಗೇ ಹೋಯಿತು.

ಶನಿವಾರ ಕರೆಂಟ್ ಹೋಯಿತು. ಆರ್‌ಒ ಟ್ಯಾಂಕ್ ಖಾಲಿ. ಹುಡುಗ ಸ್ಲೈಡಿನ ರ‍್ಯಾಕ್ ಎತ್ತಿಕೊಂಡು, "ಅಣ್ಣ, ಇಲ್ಲಿ ನೀರಿಲ್ಲ, ಹಿಂದ್ಗಡೆ ನಲ್ಲೀಲಿ ತೊಳ್ಕಂಡ್ ಬತ್ತೀನಿ" ಅಂತ ಹೊರಟೇಬಿಟ್ಟ. ಅದು ಬಕೆಟ್ಟು, ಮಾಪು ತೊಳೆಯುವ ನಲ್ಲಿ. ಬೈಯೋಣ ಅಂತ ನಾನೂ ಹಿಂದೆಯೇ ಹೋದೆ. ನೋಡನೋಡುತ್ತಿದ್ದ ಹಾಗೆ ಸ್ಲೈಡಿನ ಮೇಲಿನ ಮಾಸಲು ಕೆಂಪು ಕರಗಿ ನೀಲಿ ಏರುತ್ತಿತ್ತು. ನೀರು ಬೋರ್‌ವೆಲ್‌ನದು.

ನಾನು ಓದಿದ್ದೇ ಅದು, ತಲೆಗೆ ಬಂದಿರಲಿಲ್ಲ. ಹಿಮಟಾಕ್ಸಿಲಿನ್ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಬ್ಲೂಯಿಂಗ್ ಅಂದರೆ ನಾವು ಹರಿಯುವ ನೀರಿನಲ್ಲಿ ಐದ್ಹತ್ತು ನಿಮಿಷ ಬಿಡುವುದಷ್ಟೆ. ಆ ಕೆಲಸ ಮಾಡುತ್ತಿದ್ದದ್ದು ನೀರಿನೊಳಗಿನ ಕ್ಷಾರಗುಣದ ಉಪ್ಪು, ನಾನು ಶತ್ರು ಅಂದುಕೊಂಡಿದ್ದ ಅದೇ ಗಡಸುತನ. ಆರ್‌ಒ ಅದನ್ನೆಲ್ಲ ತೆಗೆದುಹಾಕಿತ್ತು. ಈಗ ಬಣ್ಣ ಕಲಸಲು, ಬಾತ್ ತುಂಬಲು ಆರ್‌ಒ. ತೊಳೆಯಲು ಬೋರ್‌ವೆಲ್. ಬೋರ್ ಕೈಕೊಟ್ಟ ದಿನಕ್ಕೆ ಸ್ಕಾಟ್ ದ್ರಾವಣ ಇದೆ: ಲೀಟರ್ ನೀರಿಗೆ 3.5 ಗ್ರಾಂ ಸೋಡಿಯಂ ಬೈಕಾರ್ಬನೇಟ್, 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ಅಂದರೆ ಅಡುಗೆ ಸೋಡಾ ಮತ್ತು ಎಪ್ಸಮ್ ಉಪ್ಪು. ಅಮೋನಿಯಾ ನೀರು ಬೇಗ ನೀಲಿ ಮಾಡುತ್ತದೆ, ನಿಜ. ಆದರೆ ಒಂದು ತೊಟ್ಟು ಹೆಚ್ಚಾದರೂ ಸೆಕ್ಷನ್ ಎದ್ದು ತೇಲಿಹೋಗುತ್ತದೆ. ನನಗೆ ಆ ಆತುರ ಬೇಡ.

ಬಾತ್ ಅಂದೆನಲ್ಲ. ನಮ್ಮ ಮೇಣ ಕರಗುವುದು 58–60 ಡಿಗ್ರಿಗೆ, ಬಾತ್ 45–48ರಲ್ಲಿರುತ್ತದೆ. ಬಿಸಿ ಹೆಚ್ಚಾದರೆ ರಿಬ್ಬನ್, ಅಂದರೆ ಒಂದಕ್ಕೊಂದು ಅಂಟಿದ ಸೆಕ್ಷನ್ನುಗಳ ಪಟ್ಟಿ, ಹರಡಿ ಚೂರಾಗುತ್ತದೆ, ಕಡಿಮೆಯಾದರೆ ಸುಕ್ಕು ಬಿಡಿಸಿಕೊಳ್ಳುವುದಿಲ್ಲ. ಇದು ಯಾರಿಗಾದರೂ ಒಂದು ವಾರದಲ್ಲಿ ಕೈಗೆ ಬರುತ್ತದೆ. ಕೈಗೆ ಬರದಿರುವುದು ಒರೆಸುವ ಅಭ್ಯಾಸ. ಒಮ್ಮೆ ಅರವತ್ತು ದಾಟಿದ ಗಂಡಸಿನ ಪಿತ್ತಕೋಶದ ಸ್ಲೈಡಿನಲ್ಲಿ ಮೇಡಂಗೆ ಪ್ಲಾಸೆಂಟಾದ, ಅಂದರೆ ಹೆರಿಗೆಯ ಮಾಸಿನ, ಬೆರಳಿನಂಥ ವಿಲ್ಲೈ ಸಿಕ್ಕಿತು. ಹಿಂದಿನ ಬ್ಲಾಕಿನ, ಅಂದರೆ ಮೇಣದಲ್ಲಿ ಕೂರಿಸಿದ ತುಂಡಿನ, ಚೂರೊಂದು ಬಾತ್‌ನಲ್ಲಿ ಉಳಿದು ಇದಕ್ಕೆ ಅಂಟಿಕೊಂಡಿತ್ತು. ಅವತ್ತು ಎಲ್ಲರೂ ನಕ್ಕೆವು. ರಾತ್ರಿ ಮಲಗಿದಾಗ ಅನ್ನಿಸಿತು: ಆ ಚೂರು ಕ್ಯಾನ್ಸರಿನದಾಗಿದ್ದರೆ? ಪ್ಲಾಸೆಂಟಾ ಆದ್ದರಿಂದ ಸಿಕ್ಕಿಬಿತ್ತು. ಅಂದಿನಿಂದ ಪ್ರತಿ ಬ್ಲಾಕ್ ಆದ ಮೇಲೆ ನೀರಿನ ಮೇಲೆ ಟಿಶ್ಯೂ ಪೇಪರ್ ಎಳೆಯುವುದು, ಫೋರ್ಸೆಪ್ಸ್, ಬ್ರಶ್ ಒರೆಸುವುದು. ಎಷ್ಟೇ ಅವಸರವಿರಲಿ.

ಸೆಕ್ಷನ್ ಕುಯ್ಯುವ ಯಂತ್ರ ಮೈಕ್ರೋಟೋಮಿನ ಬಗ್ಗೆ ಹೆಚ್ಚು ಬರೆಯಲ್ಲ, ಅದು ಕೈ ಕೆಲಸ. ಬ್ಲೇಡಿನ ಒಂದು ತುದಿ ಮೊದಲು ಮೇಣ ಸವರುವ ಟ್ರಿಮ್ಮಿಂಗಿಗೆ, ಇನ್ನೊಂದು ತುದಿ ಕೊನೆಯ ಸೆಕ್ಷನ್ನಿಗೆ. ಡಿಸೆಂಬರಿನ ಬೆಳಿಗ್ಗೆ ರಿಬ್ಬನ್ ಪುಡಿಯಾಗುತ್ತಿದ್ದರೆ ಬ್ಲಾಕಿನ ಮೇಲೆ ಬಾಯಿಂದ ಒಮ್ಮೆ ಬಿಸಿ ಉಸಿರು ಬಿಟ್ಟು ಕತ್ತರಿಸಿ, ಸರಿಹೋಗುತ್ತದೆ. ತುಂಡು ಹಾಕುವ ಸಣ್ಣ ಡಬ್ಬಿ ಕ್ಯಾಸೆಟ್ ಮೇಲೆ ನಂಬರ್ ಬರೆಯಲು ಪೆನ್ಸಿಲ್ಲೇ ಆಗಬೇಕು. ಬಾಲ್‌ಪೆನ್ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ. ಗ್ರಾಸಿಂಗ್‌ನಲ್ಲಿ, ಅಂದರೆ ಸ್ಪೆಸಿಮನ್‌ನಿಂದ ತುಂಡು ಕುಯ್ಯುವಾಗ, ತುಂಡಿನ ದಪ್ಪ ಮೂರು ಮಿಲಿಮೀಟರ್ ದಾಟಬಾರದು. ಮುಚ್ಚಳ ಹಾಕಿ ಅಲ್ಲಾಡಿಸಿದರೆ ಒಳಗೆ ತುಂಡು ಓಡಾಡಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಬಾಟಲಿ ವಿಷಯಕ್ಕೆ. ಮಂಡ್ಯ ಜಿಲ್ಲೆಯ ಸಣ್ಣ ನರ್ಸಿಂಗ್ ಹೋಂಗಳಿಂದ ನಮಗೆ ಸ್ಪೆಸಿಮನ್ ಬಸ್ಸಿನಲ್ಲಿ ಬರುತ್ತದೆ. ಆಪರೇಷನ್ ಆದ ತಕ್ಷಣ ಗರ್ಭಕೋಶ ಮೆತ್ತಗಿರುತ್ತದೆ, ಕಿರಿದಾದ ಬಾಯಿಯ ಬಾಟಲಿಗೂ ತುರುಕಿದರೆ ಹೋಗುತ್ತದೆ. ಕೊಳೆಯದಂತೆ ಕಾಯುವ ಫಾರ್ಮಲಿನ್ನಿನಲ್ಲಿ ರಾತ್ರಿ ಕಳೆದ ಮೇಲೆ ಅದು ರಬ್ಬರು. ಹೊರಗೆ ಬರುವುದಿಲ್ಲ. ಹ್ಯಾಕ್ಸಾ ಬ್ಲೇಡಿನಲ್ಲಿ ಬಾಟಲಿಯ ಕತ್ತು ಕುಯ್ದು ತೆಗೆದಿದ್ದೇನೆ. ತೆಗೆದರೂ ಹೊರಗಷ್ಟೇ ಗಟ್ಟಿ, ಒಳಗೆ ಹಸಿ. ಫಾರ್ಮಲಿನ್ ಶುರುವಿನಲ್ಲಿ ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಇಳಿಯುತ್ತದೆ, ಆಮೇಲೆ ಇನ್ನೂ ನಿಧಾನ. ಇಡೀ ಗರ್ಭಕೋಶವನ್ನು ಸೀಳದೆ ಹಾಕಿದರೆ ನಡುಭಾಗ ಕೊಳೆಯುತ್ತಲೇ ಇರುತ್ತದೆ. ಬರೀ ಉಪ್ಪುನೀರಾದ ಸಲೈನಿನಲ್ಲಿ ಹಾಕಿ ಕಳಿಸಿದವರೂ ಇದ್ದಾರೆ, ಅದನ್ನು ಹೇಳದಿರುವುದೇ ಮೇಲು.

ಫೋನಿನಲ್ಲಿ ಹೇಳಿ ಸಾಕಾಗಿ, ಡಬ್ಬ ನಾವೇ ಕೊಡಲು ಶುರು ಮಾಡಿದೆವು. ಅಗಲ ಬಾಯಿಯದು, ಸ್ಪೆಸಿಮನ್‌ನ ಹತ್ತರಷ್ಟು ಫಾರ್ಮಲಿನ್ ಹಿಡಿಯುವಂಥದ್ದು. ಅಂಗಡಿಯ ಫಾರ್ಮಲಿನ್ ಒಂದು ಪಾಲಿಗೆ ನೀರು ಒಂಬತ್ತು ಪಾಲು, ಲೀಟರಿಗೆ ಮಾನೋಸೋಡಿಯಂ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ 6.5 ಗ್ರಾಂ. ಈ ಫಾಸ್ಫೇಟಿನ ಖರ್ಚು ಉಳಿಸಲು ಹೋದರೆ ಫಾರ್ಮಲಿನ್ ಹುಳಿಯಾಗಿ, ರಕ್ತ ಇರುವ ಕಡೆಯೆಲ್ಲ ಕಂದುಗಪ್ಪು ಪುಡಿ ಕೂರುತ್ತದೆ, ಥೇಟ್ ಮಲೇರಿಯಾ ಪಿಗ್ಮೆಂಟಿನ ಹಾಗೆ. ಹೆಸರಿನ ಚೀಟಿ ಡಬ್ಬದ ಮೈಗೆ, ಮುಚ್ಚಳಕ್ಕಲ್ಲ, ಮುಚ್ಚಳ ಅದಲುಬದಲಾಗುತ್ತದೆ. "ಗರ್ಭಕೋಶ ಸೀಳಿ ಹಾಕಿ" ಅಂತ ಕನ್ನಡದಲ್ಲೇ ಬರೆದು ಅಂಟಿಸಿದೆವು.

ಮುಕ್ಕಾಲು ಪಾಲು ಜನ ಸರಿಹೋದರು. ಮೊನ್ನೆ ಸಾಯಂಕಾಲದ ಬಸ್ಸಿಗೆ ಮತ್ತೆ ಒಂದು ನೀರಿನ ಬಾಟಲಿ ಬಂತು. ಹುಡುಗ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಹ್ಯಾಕ್ಸಾ ತರ್ಲಾ ಅಣ್ಣ?" ಅಂದ.

"ಮೊದಲು ಫಾರ್ಮಲಿನ್ ಬೇರೆ ಡಬ್ಬಕ್ಕೆ ಬಗ್ಗಿಸ್ಕೊ" ಅಂದೆ.