ಆಂಡ್ ಗೇಟ್ ಸರಿಯೇ ಇತ್ತು

ನಮ್ಮ ಲ್ಯಾಬಿನಲ್ಲಿರುವುದು ಎರಡೇ ಎಫ್‌ಪಿಜಿಎ ಬೋರ್ಡು (ಬೇಕಾದ ಸರ್ಕ್ಯೂಟನ್ನು ಫೈಲಾಗಿ ತುಂಬಿ ಓಡಿಸುವ ಚಿಪ್ ಇರುವಂಥದ್ದು). ಜುಲೈ ಮಳೆಗೆ ಭಾಗಮಂಡಲ-ನಾಪೋಕ್ಲು ರಸ್ತೆ ಮೇಲೆ ನೀರು ಹರಿದರೆ ಅರ್ಧ ಕ್ಲಾಸೇ ಖಾಲಿ. ಅದಕ್ಕೇ ಒಂದು ಬೋರ್ಡನ್ನು ಹಳೇ ಕಂಪ್ಯೂಟರಿಗೆ ಸಿಕ್ಕಿಸಿ, ಎದುರಿಗೆ ವೆಬ್‌ಕ್ಯಾಮ್ ಇಟ್ಟು, ಹುಡುಗರು ಮನೆಯಿಂದಲೇ ಫೈಲ್ ಕಳಿಸಿ ಸರ್ಕ್ಯೂಟ್ ಓಡಿಸುವ ಹಾಗೆ ಮಾಡಿದೆ.

ಪಾಠ ಸ್ಟೊಕ್ಯಾಸ್ಟಿಕ್ ಕಂಪ್ಯೂಟಿಂಗ್. 1960ರ ದಶಕದ ಯೋಚನೆ. ಸಂಖ್ಯೆಯನ್ನು ಸೊನ್ನೆ-ಒಂದುಗಳ ಉದ್ದ ಸಾಲಾಗಿ ಕಳಿಸುವುದು, ಸಾಲಿನಲ್ಲಿ ಒಂದುಗಳ ಪಾಲು ಎಷ್ಟೋ ಅದೇ ಬೆಲೆ. ಮೂಟೆಯಿಂದ ಒಂದು ಹಿಡಿ ಕಾಫಿ ತೆಗೆದು ಹಾಳು ಬೀಜ ಎಷ್ಟಿದೆ ಅಂತ ನೋಡ್ತಾರಲ್ವಾ, ಹಾಗೆ ಎಂದೆ. ತೋಟದ ಮನೆ ಮಕ್ಕಳು, ತಕ್ಷಣ ಹೊಳೆಯಿತು. ತಪ್ಪು ಅರ್ಧಕ್ಕೆ ಇಳಿಯಬೇಕಾದರೆ ಹಿಡಿ ನಾಲ್ಕು ಪಟ್ಟು ದೊಡ್ಡದಾಗಬೇಕು. ಆದರೆ ಗುಣಾಕಾರಕ್ಕೆ ಒಂದೇ ಒಂದು ಆಂಡ್ ಗೇಟ್ (ಎರಡೂ ಕಡೆಯಿಂದ ಒಂದು ಬಂದಾಗ ಮಾತ್ರ ಒಂದು ಕೊಡುವ ಗೇಟ್) ಸಾಕು! (ಈ ಸಾಲಿಗೂ ಬಿಟ್‌ಸ್ಟ್ರೀಮ್ ಅಂತಾರೆ, ಬೋರ್ಡಿಗೆ ತುಂಬುವ ಫೈಲಿಗೂ ಬಿಟ್‌ಸ್ಟ್ರೀಮ್ ಅಂತಾರೆ. ಒಂದು ವಾರ ಈ ಗೊಂದಲದಲ್ಲೇ ಹೋಯಿತು.)

ಮೊದಲು ಸಾಲನ್ನು ನೇರ ಎಲ್‌ಇಡಿಗೆ ಕೊಟ್ಟೆವು. ಒಂದುಗಳು ಜಾಸ್ತಿ ಇದ್ದರೆ ಬೆಳಕು ಜಾಸ್ತಿ, ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಂಡು 0.25ನ್ನೂ 0.75ನ್ನೂ ಒಂದೇ ಥರ ತೋರಿಸಿತು. ಆಮೇಲೆ ಕೌಂಟರ್ ಹಾಕಿ, ಎಣಿಕೆಯನ್ನು ಸೀರಿಯಲ್ ಪೋರ್ಟಿನಲ್ಲಿ ತರಿಸಿಕೊಂಡೆವು. ಕರೆಂಟ್ ಹೋಗಿ ಬಂದರೆ ಬೋರ್ಡು ಎಲ್ಲ ಮರೆತು ಕೂತಿರುತ್ತಿತ್ತು, ಮತ್ತೆ ಫೈಲ್ ತುಂಬಬೇಕು. ಅದು ದಿನಾ ಇದ್ದದ್ದೇ ಬಿಡಿ.

ನಿಜವಾದ ಪಾಠ ಆಗಿದ್ದು ಅರ್ಧವನ್ನು ಅರ್ಧದಿಂದ ಗುಣಿಸುವಾಗ. 255 ಗಡಿಯಾರ ಮಿಡಿತಕ್ಕೆ ಸುಮಾರು 64 ಬರಬೇಕು, ಎಲ್ಲರಿಗೂ ಬಂದದ್ದು 127. "ಸಾರ್, ಗೇಟ್ ಕೆಟ್ಟಿದೆ" ಅಂತ ಮೆಸೇಜ್ ಮೇಲೆ ಮೆಸೇಜ್. ನಾನು ಸುಮ್ನೆ ಇದ್ದೆ. ರಾತ್ರಿ ಹತ್ತಕ್ಕೆ ಸೋಮವಾರಪೇಟೆಯ ಹುಡುಗಿಯೊಬ್ಬಳು ಹಿಡಿದಳು: ಎರಡೂ ಸಾಲು ಒಂದೇ ಎಲ್‌ಎಫ್‌ಎಸ್‌ಆರ್‌ನಿಂದ (ಕ್ರಮವಿಲ್ಲದಂತೆ ಕಾಣುವ ಸೊನ್ನೆ-ಒಂದುಗಳನ್ನು ಹುಟ್ಟಿಸುವ ಸರ್ಕ್ಯೂಟ್) ಬರುತ್ತಿವೆ, ಅವು ಜೊತೆಜೊತೆಗೇ ಒಂದಾಗುತ್ತವೆ, ಜೊತೆಗೇ ಸೊನ್ನೆಯಾಗುತ್ತವೆ, ಇನ್ನು ಆಂಡ್ ಮಾಡಿದರೆ ಅದೇ ಸಾಲು ತಾನೇ ಬರೋದು?

ಇನ್ನೊಂದು ಸಾಲಿಗೆ ಬೇರೆ ಪಾಲಿನಾಮಿಯಲ್‌ನ (ಸೊನ್ನೆ-ಒಂದುಗಳು ಬರುವ ಕ್ರಮವನ್ನು ತೀರ್ಮಾನಿಸುವ ಸೂತ್ರ) ಎಲ್‌ಎಫ್‌ಎಸ್‌ಆರ್ ಹಾಕಿದಾಗ 64ರ ಹತ್ತಿರ ಬಂತು, ಆದರೆ ಸರಿಯಾಗಿ ಅಲ್ಲ. ಹಿಡಿ ದೊಡ್ಡದು ಮಾಡೋಣ ಅಂತ ಒಬ್ಬ ಸಾವಿರಗಟ್ಟಲೆ ಮಿಡಿತ ಓಡಿಸಿದ. ಪಾಲು ಕೂದಲೆಳೆಯಷ್ಟೂ ಸುಧಾರಿಸಲಿಲ್ಲ. 8 ಬಿಟ್‌ನ ಎರಡೂ ಎಲ್‌ಎಫ್‌ಎಸ್‌ಆರ್‌ಗಳು 255 ಮಿಡಿತ ಆದ ಕೂಡಲೇ ಮೊದಲಿಗೆ ಮರಳುತ್ತವೆ, ಅಂದರೆ ಅದೇ ಹಿಡಿಯನ್ನು ಮತ್ತೆ ಮತ್ತೆ ಎಣಿಸಿದ ಹಾಗೆ. ಈಗ ಒಂದನ್ನು 9 ಬಿಟ್ ಮಾಡಿಸುತ್ತೇನೆ. ಅದರ ಸುತ್ತು 511, ಎರಡೂ ಕೂಡಿ ಒಮ್ಮೆಲೇ ಮರಳುವುದಕ್ಕೆ 1,30,305 ಮಿಡಿತ ಬೇಕು.