ಸ್ತನ ಕ್ಯಾನ್ಸರ್ ಸರ್ಜನ್ ಆಗಬೇಕಾ? ಬೆರಳಿನಿಂದ ಶುರು ಮಾಡಿ

ವಿರಾಜಪೇಟೆಯ ಮನೆಗೆ ಬಂದಾಗಲೆಲ್ಲ ಯಾರಾದರೊಬ್ಬರು ಮಗಳನ್ನು ಕರೆದುಕೊಂಡು ಬರುತ್ತಾರೆ. ಹುಡುಗಿ ಪಿಯುಸಿ ಸೈನ್ಸ್. "ಇವಳಿಗೂ ನಿಮ್ಮ ಹಾಗೆ ಎದೆ ಕ್ಯಾನ್ಸರ್ ಆಪರೇಷನ್ ಮಾಡೋ ಡಾಕ್ಟರ್ ಆಗಬೇಕಂತೆ, ದಾರಿ ಹೇಳಿ" ಅನ್ನುತ್ತಾರೆ. ಜಡಿಮಳೆಯಲ್ಲಿ ಒಲೆ ಪಕ್ಕ ಕೂತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವರ್ಷಗಳ ಲೆಕ್ಕ. ನೀಟ್ ಬರೆದು ಎಂಬಿಬಿಎಸ್: ನಾಲ್ಕೂವರೆ ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ಆಮೇಲೆ ನೀಟ್ ಪಿಜಿ, 3 ವರ್ಷ ಜನರಲ್ ಸರ್ಜರಿ ಎಂಎಸ್. ಮತ್ತೆ ನೀಟ್ ಎಸ್‌ಎಸ್, ಅಂದರೆ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ, ಬರೆದು 3 ವರ್ಷ ಸರ್ಜಿಕಲ್ ಆಂಕಾಲಜಿ (ಕ್ಯಾನ್ಸರ್ ಸರ್ಜರಿ) ಎಂಸಿಎಚ್. ಎಲ್ಲೂ ನಿಲ್ಲದೆ ಹೋದರೂ ಹನ್ನೊಂದೂವರೆ ವರ್ಷ. ಇಷ್ಟು ಕೇಳಿ ಅಪ್ಪಂದಿರ ಮುಖ ಬಾಡುತ್ತದೆ. ಇಂಟರ್ನ್‌ಶಿಪ್‌ನಿಂದ ಸ್ಟೈಪೆಂಡ್ ಬರುತ್ತದೆ, ಹೆದರಬೇಡಿ. ಎಂಬಿಬಿಎಸ್‌ಗೆ ಮಡಿಕೇರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಕ್ಯಾನ್ಸರ್ ಸರ್ಜರಿ ಕಲಿಯಲು ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್ ಮನಸ್ಸಿನಲ್ಲಿರಲಿ.

ಇನ್ನು ಕೈ. ಮೊಲೆಯಲ್ಲಿ ಗಂಟು ಹುಡುಕುವುದನ್ನು ನಾನು ಕಲಿತದ್ದು ಅರ್ಧ ಅಡುಗೆಮನೆಯಲ್ಲಿ. ಅಮ್ಮ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮಾಡುವಾಗ ಒಂದೆರಡು ಉಂಡೆಯೊಳಗೆ ಒಣ ಕಾಫಿ ಬೀಜ ಹುದುಗಿಸಿ ಕೊಡುತ್ತಿದ್ದರು. ಕಣ್ಣು ಮುಚ್ಚಿಕೊಂಡು ಹುಡುಕಬೇಕು. ಬೆರಳ ತುದಿಯಿಂದ ಚುಚ್ಚಿದರೆ ಸಿಗುವುದಿಲ್ಲ. ನಡುವಿನ ಮೂರು ಬೆರಳುಗಳ ಒಳಮೈ ಚಪ್ಪಟೆಯಾಗಿಟ್ಟು, ಸಣ್ಣ ಸುತ್ತು ಸುತ್ತುತ್ತಾ, ಮೊದಲು ಹಗುರ, ಆಮೇಲೆ ಸ್ವಲ್ಪ ಒತ್ತಿ ನೋಡಬೇಕು. ರೋಗಿಯನ್ನು ನೋಡುವಾಗಲೂ ಇದೇ ಕ್ರಮ. ಕಂಕುಳು ಬಿಡಬೇಡಿ. ಆಪರೇಷನ್ನಿಗೆ ಬೇಕಾಗುವ ಹಾಗೆ ದಾರದಲ್ಲಿ ಗಂಟು ಹಾಕುವುದನ್ನು ಹಾಸ್ಟೆಲ್ ಮಂಚದ ಕಂಬಿಗೆ ಕಟ್ಟಿ ಕಲಿಯಿರಿ, ಎಡಗೈಯಲ್ಲೂ.

ಕೈಗಿಂತ ಜಾಸ್ತಿ ಕಷ್ಟ ಮಾತು. ಪಿಜಿ ಮಾಡುವಾಗ ತೋಟದ ಕೆಲಸದ ಅಕ್ಕ ಒಬ್ಬರು ಬಂದಿದ್ದರು. ಹತ್ತೇ ನಿಮಿಷದಲ್ಲಿ ಬಯಾಪ್ಸಿ, ಕೀಮೋ, ಸ್ಟೇಜ್ ಎಲ್ಲ ಹೇಳಿ ಮುಗಿಸಿದೆ. ಅವರು ತಲೆ ಆಡಿಸಿ ಹೋದರು. ಐದು ತಿಂಗಳ ಮೇಲೆ ತಿರುಗಿ ಬಂದಾಗ ಗಂಟು ಚರ್ಮಕ್ಕೆ ಅಂಟಿಕೊಂಡಿತ್ತು. "ನೋವಿರಲಿಲ್ಲ ಮೇಡಂ. ಕಾಫಿ ಕೊಯ್ಲು ಮುಗೀಲಿ ಅಂತ ಕಾದೆ" ಅಂದರು. ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ ಅಂತ ನಾನು ಹೇಳಿರಲೇ ಇಲ್ಲ. ಆ ತಪ್ಪು ನನ್ನದೇ. ಈಗ ಮೊದಲು ಹೇಳುವುದೇ ಅದು. ಹೇಳಿ ಮುಗಿಸಿದ ಮೇಲೆ "ಮನೆಗೆ ಹೋಗಿ ಏನಂತ ಹೇಳ್ತೀರಿ?" ಅಂತ ಕೇಳಿ, ಅವರ ಬಾಯಲ್ಲೇ ಕೇಳಿಸಿಕೊಳ್ಳುತ್ತೇನೆ.

ಗಂಟು ಸಿಕ್ಕ ತಕ್ಷಣ ಕೊಯ್ಯುವ ಕೆಲಸವಲ್ಲ ಇದು. ಮ್ಯಾಮೋಗ್ರಾಂ, ಸೂಜಿ ಬಯಾಪ್ಸಿ, ಹಾರ್ಮೋನ್ ಮತ್ತು ಹರ್2 (ಕೆಲವು ಕ್ಯಾನ್ಸರ್ ಕಣಗಳಲ್ಲಿ ಹೆಚ್ಚಾಗಿರುವ ಪ್ರೋಟೀನ್) ಪರೀಕ್ಷೆ ನೋಡಿ ತೀರ್ಮಾನ. ಕೆಲವರಿಗೆ ಮೊದಲು ಕೀಮೋ ಕೊಟ್ಟು, ಗಂಟು ಕುಗ್ಗಿದ ಮೇಲೆ ಆಪರೇಷನ್. ಮೊಲೆ ಪೂರ್ತಿ ತೆಗೆಯಲೇಬೇಕಾ? ಅಮೆರಿಕದಲ್ಲಿ ಸರ್ಜನ್ ಬರ್ನಾರ್ಡ್ ಫಿಶರ್, ಇಟಲಿಯಲ್ಲಿ ಸರ್ಜನ್ ಉಂಬರ್ಟೊ ವೆರೊನೇಸಿ 1970ರ ದಶಕದಲ್ಲೇ ಈ ಪ್ರಶ್ನೆ ಹಿಡಿದು ಹೊರಟರು. ಇಬ್ಬರ 20 ವರ್ಷಗಳ ಫಲಿತಾಂಶ 2002ರಲ್ಲಿ ಬಂತು. ಗಂಟು ಮಾತ್ರ ತೆಗೆಸಿಕೊಂಡು ರೇಡಿಯೇಷನ್ ಪಡೆದವರೂ ಪೂರ್ತಿ ತೆಗೆಸಿಕೊಂಡವರಷ್ಟೇ ಬದುಕಿದ್ದರು.

ನಮ್ಮ ಕಡೆ ಕಷ್ಟ ಇರುವುದು ಆ ರೇಡಿಯೇಷನ್‌ನಲ್ಲಿ. ಸಾಮಾನ್ಯವಾಗಿ ಮೂರು ವಾರ, ವಾರಕ್ಕೆ 5 ದಿನ. ನಾಪೋಕ್ಲು ಕಡೆಯ ತೋಟದ ಲೈನ್ ಮನೆಯ (ಕೆಲಸಗಾರರ ಸಾಲು ಮನೆಯ) ಹೆಂಗಸು ಮೈಸೂರಲ್ಲಿ ಮೂರು ವಾರ ಎಲ್ಲಿ ಉಳಿಯಬೇಕು? ಮಕ್ಕಳಿಗೆ ಅಡುಗೆ ಮಾಡುವವರು ಯಾರು? "ಇದೆಲ್ಲ ರಗಳೆ, ಪೂರ್ತಿ ತೆಗೆದುಬಿಡಿ" ಅಂತ ಗಂಡ ಹೇಳುತ್ತಾನೆ. ಅವಳು ಸುಮ್ನೆ ಸೆರಗು ಸುತ್ತುತ್ತಾ ಕೂತಿರುತ್ತಾಳೆ. ಆಗ ಗಂಡನನ್ನು ಐದು ನಿಮಿಷ ಹೊರಗೆ ಕೂರಿಸಿ, ಅವಳನ್ನು ಕೇಳಿ. ಉಳಿಯಲು ಜಾಗ, ಬಸ್ಸು, ಖರ್ಚು, ಎಲ್ಲವನ್ನೂ ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ವಿಚಾರಿಸಿ. ಬಸ್ಸಿನ ದೆಸೆಯಿಂದ ಯಾರೂ ಮೊಲೆ ಕಳೆದುಕೊಳ್ಳಬಾರದು, ಅಲ್ವಾ?

ಸಂಶೋಧನೆ ಅಂದರೆ ಕೋಟಿ ರೂಪಾಯಿಯ ಲ್ಯಾಬ್ ಅಂದುಕೊಳ್ಳಬೇಡಿ. ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಕೊಯ್ಯುವ ಸ್ವಲ್ಪ ಮೊದಲು ಗಂಟಿನ ಸುತ್ತ ಲಿಡೊಕೇನ್ ಚುಚ್ಚಿ ನೋಡಿದರು. ಮರಗಟ್ಟಿಸಲು ಹಲ್ಲಿನ ಡಾಕ್ಟರೂ ಬಳಸುವ ಅಗ್ಗದ ಔಷಧಿ ಅದು. ಸುಮಾರು 1600 ಹೆಂಗಸರ ಅಧ್ಯಯನ, 2023ರಲ್ಲಿ ಪ್ರಕಟವಾಯಿತು. 5 ವರ್ಷದ ಹೊತ್ತಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 90ರಷ್ಟು, ಉಳಿದವರಲ್ಲಿ ಶೇ. 86ರಷ್ಟು ಮಂದಿ ಬದುಕಿದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಮ್ಮ ಸಂಶೋಧನೆ ಒಂದು ರಿಜಿಸ್ಟರ್‌ನಿಂದ ಶುರುವಾಗಲಿ. ಗಂಟು ಯಾವಾಗ ಗೊತ್ತಾಯಿತು, ಯಾವಾಗ ಬಂದರು, ನಡುವೆ ಏಕೆ ತಡವಾಯಿತು, ಇಷ್ಟೇ ಬರೆಯಿರಿ, ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ. ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ನೀವೇ ಬರೆದು, ಮನೆಯಲ್ಲಿ ದೊಡ್ಡಮ್ಮನಿಗೆ ಜೋರಾಗಿ ಓದಿ ಹೇಳಿ. ಅವರು "ಅಂದ್ರೆ?" ಅಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿ, ಆ ಸಾಲನ್ನು ಮತ್ತೆ ಬರೆಯಿರಿ. ನನ್ನ ಮೊದಲ ಪತ್ರದಲ್ಲಿ ಹದಿನೇಳು ಗೆರೆ ಬಿದ್ದಿದ್ದವು.